ಮನೆಯಲ್ಲಿ ಲಿಥಿಯಂ ಮಾತ್ರೆ, ಹೊರಗೆ ಮಂಗಳೂರಿನ ಸೆಕೆ

ಉನ್ಮಾದದ (ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಕೆರಳುವ) ಕಾಯಿಲೆಗೆ ದೇಹದಲ್ಲೇ ಕಾರಣವಿರಬೇಕೆಂದು ನಂಬಿದ್ದ ಆಸ್ಟ್ರೇಲಿಯದ ಮನೋವೈದ್ಯ ಜಾನ್ ಕೇಡ್, ಉನ್ಮಾದದ 10 ರೋಗಿಗಳಿಗೆ ಲಿಥಿಯಂ ಕೊಟ್ಟ ಅನುಭವವನ್ನು 1949ರಲ್ಲಿ ಪ್ರಕಟಿಸಿದರು. ಆಗ ರಕ್ತದಲ್ಲಿ ಅದರ ಮಟ್ಟ ನೋಡುವ ಕ್ರಮವಿರಲಿಲ್ಲ. ಅವರ ಮೊದಲ ರೋಗಿ ಗುಣಮುಖರಾದರೂ ಮುಂದೆ ಲಿಥಿಯಂ ವಿಷವೇರಿಯೇ ತೀರಿಕೊಂಡರು. ರಕ್ತಪರೀಕ್ಷೆ ತಪ್ಪಿಸಬಾರದು ಎನ್ನುವುದು ಅದಕ್ಕೇ.

ರಾತ್ರಿ 9ಕ್ಕೆ ಮಾತ್ರೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ ರಕ್ತ ಕೊಡಿಸಿ, 12 ಗಂಟೆಯ ಅಂತರ ಬೇಕು. ಬೆಳಗಿನ ಮಾತ್ರೆಯಿದ್ದರೆ ಅದು ರಕ್ತ ಕೊಟ್ಟ ಮೇಲೆ. ಅವಸರ ಮಾಡಿದರೆ ಮಟ್ಟ ಸುಳ್ಳೇ ಏರಿದಂತೆ ಕಾಣುತ್ತದೆ. ಹೆಚ್ಚಿನವರಿಗೆ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ 6 ತಿಂಗಳಿಗೊಮ್ಮೆ.

ಏಪ್ರಿಲ್, ಮೇ ತಿಂಗಳೇ ನಿಜವಾದ ಕಷ್ಟ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಮ್ಮನ್ನೂ ಹಿಡಿದಿಡುತ್ತದೆ. ಕುಚ್ಚಲಕ್ಕಿ ಗಂಜಿಗೆ ಎಂದಿನಷ್ಟೇ ಉಪ್ಪು ಹಾಕಿ. ಬಿಪಿ ಎಂದು ಉಪ್ಪನ್ನು ಒಮ್ಮೆಲೇ ಬಿಡಿಸಬೇಡಿ. ನೀರೂ ಮುಟ್ಟದ ಉಪವಾಸ ಬೇಡವೇ ಬೇಡ. ವಾಂತಿಭೇದಿಯಾದರೆ ಅಂದೇ ವೈದ್ಯರಿಗೆ ಫೋನ್ ಮಾಡಿ.

ಸೊಂಟನೋವಿಗೆ ಮೆಡಿಕಲ್‌ನಿಂದ ತರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಮಟ್ಟ ಏರಿಸುತ್ತವೆ; ಪ್ಯಾರಸಿಟಮಾಲ್ ಕೇಳಿ. ರಾತ್ರಿಯಿಡೀ ಕೋಲ, ಯಕ್ಷಗಾನ ನೋಡುವ ಆಸೆ ಸಹಜ, ಆದರೆ ನಿದ್ದೆಗೆಟ್ಟರೆ ಉನ್ಮಾದ ಮರಳಬಹುದು. ರೋಗಿಯನ್ನು ಬೇಗ ಮನೆಗೆ ಕರೆತನ್ನಿ.

ಕೈ ಜೋರಾಗಿ ನಡುಗಿದರೆ, ನಾಲಿಗೆ ತೊದಲಿದರೆ, ನಡಿಗೆ ತೂರಾಡಿದರೆ ಲಿಥಿಯಂ ವಿಷವೇರಿರಬಹುದು; ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ. ಮಾತ್ರೆಯ ಪಟ್ಟಿ ಜೊತೆಗಿರಲಿ.