ವೈಫೈ ಇದೆ, ಇಂಟರ್ನೆಟ್ ಇಲ್ಲ: ನಾನೇ ಮಾಡಿಕೊಂಡ ಎಡವಟ್ಟು

ಹಾಸನದ ವಿದ್ಯಾನಗರದಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಗೆ ಮೂವರು ಇಂಜಿನಿಯರಿಂಗ್ ಹುಡುಗರು. ಫೈಬರ್ ಕನೆಕ್ಷನ್ ಒಂದೇ, ಬಿಲ್ ಅರ್ಧ ಅರ್ಧ. ಮೇಲೆ ಸಿಗ್ನಲ್ ಸಿಗುವುದಿಲ್ಲ ಅಂತ ಅವರು ಹೇಳಿದಾಗ, ಬೀರು ಮೇಲೆ ಧೂಳು ಹಿಡಿದು ಕೂತಿದ್ದ ಹಳೇ ರೂಟರ್ ಇಳಿಸಿ, ಮೆಟ್ಟಿಲ ಪಕ್ಕ ಕೇಬಲ್ ಎಳೆದು, ಎರಡೂ ರೂಟರ್‌ಗಳ ಲ್ಯಾನ್ ತೂತಿಗೆ (ಮನೆಯೊಳಗಿನ ಸಾಧನ ಜೋಡಿಸುವ ತೂತು) ಚುಚ್ಚಿ ನಾನೇ ಜೋಡಿಸಿಕೊಟ್ಟೆ. ಒಂದು ವಾರ ಚೆನ್ನಾಗಿತ್ತು.

ಆಮೇಲೆ ಮಳೆ ಶುರುವಾಯಿತು. ಕರೆಂಟ್ ಹೋಗಿ ಬಂದರೆ ಸಾಕು, ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈ ಕಡ್ಡಿ ಪೂರ್ತಿ ಇರುತ್ತಿತ್ತು, ಒಂದು ಪೇಜೂ ತೆರೆಯುತ್ತಿರಲಿಲ್ಲ. ಪಕ್ಕದಲ್ಲೇ ಕೂತ ಹೆಂಡತಿಯ ಫೋನಿನಲ್ಲಿ ಮಾತ್ರ ವಿಡಿಯೋ ಓಡುತ್ತಿತ್ತು. "ನಿಮ್ಮ ಲ್ಯಾಪ್‌ಟಾಪೇ ಕೆಟ್ಟಿದೆ ಕಣ್ರೀ" ಅಂದಳು. ಮಾರನೇ ದಿನ ಅವಳ ಫೋನೇ ಕೈಕೊಟ್ಟಿತು.

ಮೇಲಿನ ಹುಡುಗರು ರಾತ್ರಿಯೆಲ್ಲ ಗೇಮ್ ಆಡಿ ಲೈನ್ ತಿನ್ನುತ್ತಾರೆ ಅಂತ ಅವರಿಗೆ ಒಂದು ಮಾತು ಹೇಳಿಯೂ ಬಂದೆ. ಲೈನ್ ನೋಡುವ ಹುಡುಗ ಬಂದು ಫೈಬರ್ ಸಿಗ್ನಲ್ ಅಳೆಯುವ ಮೀಟರ್ ಹಚ್ಚಿ, "ಮೈನಸ್ 20 ಡಿಬಿಎಂ ಇದೆ ಸಾರ್, ಲೈನ್ ಕ್ಲೀನಾಗಿದೆ" ಅಂದ. ರೂಟರ್‌ನಲ್ಲಿ ಫೈಬರ್ ಸಿಗ್ನಲ್ ಹೋದರೆ ಹತ್ತುವ ಎಲ್‌ಒಎಸ್ ಕೆಂಪು ದೀಪವೂ ಇರಲಿಲ್ಲ. ಅವನ ಮಾತು ನಂಬಬೇಕಿತ್ತು, ನಂಬಲಿಲ್ಲ.

ಒಂದು ಸಂಜೆ ಮತ್ತೆ ಹಾಗೇ ಆದಾಗ ಆಫ್ ಆನ್ ಮಾಡದೆ ಸುಮ್ಮನೆ ಕೂತು ನೋಡಿದೆ. ಕಮ್ಯಾಂಡ್ ಪ್ರಾಂಪ್ಟ್ ತೆಗೆದು ಇಂಟರ್ನೆಟ್ ಇದೆಯಾ ಅಂತ ನೋಡಲು ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡಿದರೆ (ಕೂಗು ಹಾಕಿದರೆ) ಉತ್ತರವಿಲ್ಲ. ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಹೊಡೆದೆ. ನನ್ನ ವಿಳಾಸ 192.168.0.104, ಗೇಟ್‌ವೇ, ಅಂದರೆ ಇಂಟರ್ನೆಟ್‌ಗೆ ಹೋಗುವ ಬಾಗಿಲು, 192.168.0.1. ಹೆಂಡತಿಯ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ 192.168.1.1! ಒಂದೇ ಮನೆ, ಒಂದೇ ವೈಫೈ, ಗೇಟ್‌ವೇ ಎರಡು. ಬ್ರೌಸರ್‌ನಲ್ಲಿ 192.168.0.1 ತೆರೆದೆ. ಮಹಡಿಯ ಹಳೇ ರೂಟರ್‌ನ ಲಾಗಿನ್ ಪೇಜ್ ಬಂತು.

ಆಗ ಹೊಳೆಯಿತು. ಫೋನು, ಲ್ಯಾಪ್‌ಟಾಪು ನೆಟ್‌ವರ್ಕಿಗೆ ಬಂದ ತಕ್ಷಣ "ನನಗೊಂದು ವಿಳಾಸ ಕೊಡಿ" ಅಂತ ಎಲ್ಲರನ್ನೂ ಕೇಳುತ್ತವೆ. ಆ ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ನಮ್ಮಲ್ಲಿ ಎರಡೂ ರೂಟರ್ ಹಂಚುತ್ತಿದ್ದವು, ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟದ್ದೇ ಗೆಲ್ಲುತ್ತದೆ. ಹಳೇ ರೂಟರ್ ಗೆದ್ದರೆ "ಇಂಟರ್ನೆಟ್‌ಗೆ ನನ್ನ ಮೂಲಕ ಹೋಗು" ಅನ್ನುತ್ತದೆ, ಆದರೆ ಇಂಟರ್ನೆಟ್ ಕೇಬಲ್ ಬರಬೇಕಾದ ಅದರ ವ್ಯಾನ್ ತೂತು ಖಾಲಿ, ಹೋಗಲು ದಾರಿಯೇ ಇಲ್ಲ. ಸಿಕ್ಕ ವಿಳಾಸವನ್ನು ಫೋನು ಅದೇ ರೂಟರ್ ಹತ್ತಿರ ಮುಂದುವರಿಸಿಕೊಂಡು ಹೋಗುತ್ತದೆ, ಹಾಗಾಗಿ ಮೊದಲ ವಾರ ಗೊತ್ತಾಗಲಿಲ್ಲ. ಕರೆಂಟ್ ಹೋಗಿ ಬಂದಾಗ ಎಲ್ಲವೂ ಹೊಸದಾಗಿ ಕೇಳುತ್ತವೆ, ಜೂಜು ಶುರು.

ರಿಪೇರಿ ಸುಲಭ, ಆದರೆ ಅಲ್ಲೂ ಎಡವಿದೆ. ಮೊದಲು ಹಳೇ ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿ ಅದನ್ನು ರೀಸ್ಟಾರ್ಟ್ ಮಾಡಿಬಿಟ್ಟೆ. ಲ್ಯಾಪ್‌ಟಾಪಿಗೆ ಕೆಳಗಿನ ದೊಡ್ಡ ಫೈಬರ್ ರೂಟರ್ ಕೊಟ್ಟ ವಿಳಾಸ ಬಂದು ಹಳೇ ರೂಟರ್ ಪೇಜ್ ಸಿಗದ ಹಾಗಾಯಿತು. ಲ್ಯಾಪ್‌ಟಾಪಿಗೆ ಹಳೇ ರೂಟರ್ ಸಾಲಿನ ವಿಳಾಸ 192.168.0.50 ಅನ್ನು ಕೈಯಾರೆ ಹಾಕಿಕೊಂಡು ಮತ್ತೆ ಒಳಗೆ ಹೋಗಿ, ಹಳೇ ರೂಟರ್‌ನ ವಿಳಾಸ 192.168.1.2 ಮಾಡಿದೆ. ದೊಡ್ಡ ರೂಟರ್ ಆ ನಂಬರನ್ನು ಬೇರೆಯವರಿಗೆ ಹಂಚುವುದಿಲ್ಲ ಅಂತ ಮೊದಲೇ ನೋಡಿಕೊಂಡಿದ್ದೆ. ಕೇಬಲ್ ಲ್ಯಾನ್ ತೂತಿನಲ್ಲೇ ಬಿಟ್ಟೆ. ವ್ಯಾನ್‌ಗೆ ಚುಚ್ಚಿದರೂ ಇಂಟರ್ನೆಟ್ ಬರುತ್ತದೆ, ಆದರೆ ಕೆಳಗಿನ ಪ್ರಿಂಟರ್ ಮೇಲಿನವರ ಫೋನಿಗೆ ತಾನಾಗಿ ಕಾಣುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಅಂತ ಅವರು ಆಗಾಗ ಬರುತ್ತಾರಲ್ವಾ.

ಪರೀಕ್ಷೆಗೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಆನ್ ಮಾಡಿದೆ. ಎಲ್ಲರಿಗೂ 192.168.1 ವಿಳಾಸವೇ ಬಂತು. ಖಾತ್ರಿಗೆ ಇನ್ನೊಂದು ಸಲ, ಮತ್ತೊಂದು ಸಲ. ಮೂರನೇ ಸಲಕ್ಕೆ ಮೇಲಿನಿಂದ ಒಬ್ಬ ಕೂಗಿದ: "ಅಂಕಲ್, ಬೀದಿಯಲ್ಲೆಲ್ಲ ಕರೆಂಟ್ ಇದೆ, ನಮ್ಮ ಮನೆಗೆ ಮಾತ್ರ ಯಾಕೆ ಹೋಗ್ತಿದೆ?" ಮೇಲೆ ಹೋಗಿ ವಿಷಯ ಹೇಳಿ, ಗೇಮ್ ಬಗ್ಗೆ ಅಂದದ್ದಕ್ಕೆ ಸಾರಿ ಕೇಳಿದೆ. ಅವರಿಗೂ ಹೀಗೇ ಆಗುತ್ತಿತ್ತಂತೆ, ವೈಫೈ ಆಫ್ ಆನ್ ಮಾಡಿಕೊಂಡು ಸುಮ್ಮನಿದ್ದರಂತೆ.