ಕೋವಿಡ್ ನಂತರದ ತಲೆಮಂಕು: ಓಡಿಸಿ ಸೋತೆ, ಕೂರಿಸಿ ಗೆದ್ದೆ

2021ರ ಎರಡನೇ ಅಲೆ ಇಳಿದ ಮೇಲೆ ಮಂಡ್ಯದ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೊಸ ತರಹದ ಪೇಷಂಟ್‌ಗಳು ಬರತೊಡಗಿದರು. ಮಂಡಿ ನೋವಲ್ಲ, ಸೊಂಟ ನೋವಲ್ಲ. "ತಲೆ ಮಂಕಾಗಿದೆ" ಅನ್ನುತ್ತಿದ್ದರು. ಎಕ್ಸ್‌ರೇ ಸರಿ ಇದೆ, ಆಕ್ಸಿಜನ್ 98 ಇದೆ. ಆದರೂ ಡೈರಿಗೆ ಹಾಕಿದ ಹಾಲಿನ ಲೆಕ್ಕ ಕೂಡಿಸಲು ಆಗುತ್ತಿಲ್ಲ. ಗ್ಯಾಸ್ ಆಫ್ ಮಾಡಿದೆನಾ ಇಲ್ಲವಾ ನೆನಪಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಸುಮ್ನೆ ಅಳು ಬರುತ್ತದೆ. ಮನೆಯವರ ಪ್ರಕಾರ ಅದು ಸೋಮಾರಿತನ.

ನಾನು ಮಾಡಿದ್ದು ನಾವೆಲ್ಲ ಫಿಸಿಯೋಗಳು ಕಲಿತು ಬಂದದ್ದನ್ನೇ. ಇವತ್ತು ಹತ್ತು ನಿಮಿಷ ನಡಿ, ನಾಳೆ ಹನ್ನೆರಡು, ವಾರಕ್ಕೆ ಇಪ್ಪತ್ತು. ಬರೀ ಉಸಿರಾಟದ ತೊಂದರೆ ಇದ್ದ ಕೆಲವರಿಗೆ ಗುಣ ಸಿಕ್ಕಿತು. ಮಂಕಿನವರಿಗೆ ಉಲ್ಟಾ ಹೊಡೆಯಿತು.

ಒಬ್ಬರು ಗಣಿತದ ಮೇಷ್ಟ್ರು, ಮಳವಳ್ಳಿ ಕಡೆಯವರು, ನಲವತ್ತೈದರ ಆಸುಪಾಸು. ನವೆಂಬರ್‌ನಲ್ಲಿ ಹತ್ತೇ ದಿನದಲ್ಲಿ ಅವರನ್ನು ನಲವತ್ತು ನಿಮಿಷದ ನಡಿಗೆಗೆ ತಂದಿದ್ದೆ. ಆ ಹುರುಪಿನಲ್ಲಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬನ್ನಿ ಎಂದೂ ನಾನೇ ಹೇಳಿದೆ. ಹತ್ತಿದರು. ಸೋಮವಾರ ಚೆನ್ನಾಗಿದ್ದರು. ಮಂಗಳವಾರ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತವರಿಗೆ ಏಳೆಂಟ್ಲ ಎಷ್ಟು ಅಂತ ಬರಲಿಲ್ಲ. ಹಿಂದಿನ ಬೆಂಚಿನ ಹುಡುಗ ಐವತ್ತಾರು ಅಂದನಂತೆ. ಮೇಷ್ಟ್ರು ಸೀಮೆಸುಣ್ಣ ಇಟ್ಟು ಮನೆಗೆ ಹೋಗಿ ಮಲಗಿದವರು ಹನ್ನೊಂದು ದಿನ ಏಳಲಿಲ್ಲ. "ಗೋಡೆ ಕಡೆ ತಿರುಗಿ ಮಲಗಿದ್ದಾರೆ, ಮಾತೇ ಆಡ್ತಿಲ್ಲ" ಅಂತ ಅವರ ಹೆಂಡತಿ ಫೋನ್ ಮಾಡಿದಾಗ ನನಗೆ ಕೈಕಾಲು ಆಡಲಿಲ್ಲ. ಆ ತಪ್ಪು ನನ್ನದೇ.

ಆಮೇಲೆ ಕೂತು ಓದಿದೆ. ಕಾರಣ ಉರಿಯೂತ ಇರಬಹುದು, ರಕ್ತನಾಳದ ತೊಂದರೆ ಇರಬಹುದು ಎಂದೆಲ್ಲ ಬರೆದಿದ್ದರು. ನನಗೆ ದಾರಿ ತೋರಿಸಿದ್ದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ತಂದ ಹೊಸ ಚಿಕಿತ್ಸಾ ಮಾರ್ಗಸೂಚಿ. ಅದು ಎಂಇ ಎಂಬ ದೀರ್ಘ ಸುಸ್ತಿನ ಕಾಯಿಲೆಯದು. ಲೆಕ್ಕ ಹಾಕಿ ವ್ಯಾಯಾಮ ಏರಿಸುತ್ತಾ ಹೋಗುವ ಪದ್ಧತಿಯನ್ನು ಅವರು ಕೈಬಿಟ್ಟಿದ್ದರು. ಆ ಕಾಯಿಲೆಯವರೂ ಹೀಗೇ ದುಡಿದ ದಿನ ಸುಸ್ತಾಗಿ ಬೀಳುವುದಿಲ್ಲ. ಮಾರನೇ ದಿನವೋ ಅದರ ಮಾರನೇ ದಿನವೋ ಬೀಳುತ್ತಾರೆ. ನಮ್ಮ ಮೇಷ್ಟ್ರ ಮಂಗಳವಾರ ಅದೇ ಅಲ್ವಾ!

"ಎಲ್ಲ ಮನಸ್ಸಿನ ಭ್ರಮೆ" ಅಂದ ಡಾಕ್ಟರು ಒಬ್ಬರಿದ್ದರು. ಅವರ ಟೇಬಲ್ ಮೇಲೆ ಎರಡು ಪ್ರಿಂಟ್ ಇಟ್ಟು ಬಂದೆ. ಒಂದು, ಆಕ್ಸ್‌ಫರ್ಡ್‌ನವರು 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು. ಕೋವಿಡ್ ಬಂದ 2,36,379 ಜನರ ದಾಖಲೆ ನೋಡಿದ್ದರು. ಆರು ತಿಂಗಳೊಳಗೆ ಮೂವರಲ್ಲಿ ಒಬ್ಬರಿಗೆ ನರದ್ದೋ ಮನಸ್ಸಿನದ್ದೋ ತೊಂದರೆ ದಾಖಲಾಗಿತ್ತು. ಫ್ಲೂ ಬಂದವರಿಗಿಂತ ಇದು ಜಾಸ್ತಿ. ಇನ್ನೊಂದು 2022ರ ನೇಚರ್ ವಿಜ್ಞಾನ ಪತ್ರಿಕೆಯ ಲೇಖನ. ಬ್ರಿಟನ್ನಿನ ಆರೋಗ್ಯ ಅಧ್ಯಯನವಾದ ಯುಕೆ ಬಯೋಬ್ಯಾಂಕ್‌ನ 785 ಜನರ ಮಿದುಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿದ್ದರು. ಸೋಂಕು ಬಂದವರಲ್ಲಿ, ಬಾರದವರಿಗಿಂತ, ವಾಸನೆಗೆ ಸಂಬಂಧಿಸಿದ ಭಾಗಗಳು ಸ್ವಲ್ಪ ಜಾಸ್ತಿ ತೆಳುವಾಗಿದ್ದವು. ಡಾಕ್ಟರು ಓದಿದರೋ ಇಲ್ಲವೋ, ಆಮೇಲೆ ಆ ಮಾತು ಆಡಲಿಲ್ಲ.

ಮೇಷ್ಟ್ರನ್ನು ಮತ್ತೆ ಕರೆಸಿ ಮೊದಲು ನಾಡಿ ನೋಡಿದೆ. ಮಲಗಿದ್ದಾಗ 72. ನಿಂತು ಎಂಟು ನಿಮಿಷಕ್ಕೆ 108. ಹೀಗೆ ಮೂವತ್ತಕ್ಕಿಂತ ಮೇಲೆ ಏರಿದರೆ ಪಾಟ್ಸ್ ಇರಬಹುದು, ಅಂದರೆ ಎದ್ದು ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ. ಇದನ್ನೇ ಬೇರೆ ಕಡೆ "ಟೆನ್ಷನ್" ಅಂದು ನಿದ್ದೆ ಮಾತ್ರೆ ಬರೆದು ಕಳಿಸಿದ್ದರು. ಫಿಸಿಷಿಯನ್‌ಗೆ ತೋರಿಸಿ ನೀರು, ಉಪ್ಪು ದಿನಕ್ಕೆ ಎಷ್ಟು ತೆಗೆದುಕೊಳ್ಳಬೇಕೆಂದು ಬರೆಸಿಕೊಂಡೆ. ಬಿ12, ಥೈರಾಯ್ಡ್ ಪರೀಕ್ಷೆ ಕೂಡ ಮಾಡಿಸಿದೆ. ಇವೆರಡನ್ನು ನೋಡದೆ ಯಾರನ್ನೂ ಶುರು ಮಾಡಬೇಡಿ. ಬರೀ ಬಿ12 ಕಮ್ಮಿಯಾಗಿ ಮಂಕಾದವರೇ ನನಗೆ ಐದಾರು ಜನ ಸಿಕ್ಕಿದ್ದಾರೆ.

ಮೊದಲ ವಾರ ಏನೂ ಬದಲಿಸಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಏನು ಮಾಡಿದಿರಿ, ಎಷ್ಟು ಹೊತ್ತು, ಮಾರನೇ ದಿನ ಹೇಗಿತ್ತು ಅಂತ ಬರೆಸಿದೆ. ಬೀಳದೆ ಎಷ್ಟು ಮಾಡಬಲ್ಲರೋ ಅದು ಸಿಕ್ಕಿದ ಮೇಲೆ ಅದರ ಅರ್ಧ ಮಾತ್ರ. ಸುಸ್ತಾಗುವ ಮೊದಲೇ ಮಲಗಬೇಕು. ತಲೆ ಕೆಲಸವೂ ಕೆಲಸವೇ. ಪೇಪರ್ ತಿದ್ದುವುದು ಹದಿನೈದು ನಿಮಿಷ, ಕಣ್ಣು ಮುಚ್ಚಿ ಹತ್ತು ನಿಮಿಷ. ವಾಟ್ಸಾಪ್ ನೋಡುತ್ತಾ ಮಲಗಿದರೆ ವಿಶ್ರಾಂತಿ ಅಲ್ಲ. ಇದು ಅರ್ಥವಾಗಲು ಅವರಿಗೆ ಒಂದು ತಿಂಗಳು ಬೇಕಾಯಿತು. ಎರಡು ವಾರ ಒಮ್ಮೆಯೂ ಬೀಳದಿದ್ದರೆ ಹತ್ತರಲ್ಲಿ ಒಂದು ಪಾಲು ಏರಿಸುತ್ತಿದ್ದೆ, ಅಷ್ಟೇ. ನೋಟ್‌ಬುಕ್‌ನಲ್ಲಿ ನಾಲ್ಕನೇ ಕಾಲಂ ಒಂದಿದೆ. ಬೀಳುವ ಮುನ್ಸೂಚನೆ ಅದರಲ್ಲೇ ಸಿಗುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ.

ನನ್ನ ಜೊತೆಗಾರರೇ "ದುಡ್ಡು ಇಸ್ಕೊಂಡು ಮಲಗಿಸ್ತೀಯಾ" ಅಂದರು. ದುಡ್ಡಿನ ವಿಷಯ ಹೇಳುತ್ತೇನೆ. ಮೊದಲು ದಿನಕ್ಕೊಂದು ಸಿಟ್ಟಿಂಗ್, 300 ರೂಪಾಯಿ. ಈಗ ವಾರಕ್ಕೊಂದು. ಆ ವರ್ಷ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕಮ್ಮಿ ಬಂದಿರಬೇಕು. ನೆನಪಿನ ಶಕ್ತಿಯ ಆಟದ ಆ್ಯಪ್‌ಗೆ ಆರು ಸಾವಿರ ಕಟ್ಟಿದ್ದೆ. ಪೇಷಂಟ್‌ಗಳು ಆಟದಲ್ಲಿ ಜಾಣರಾದರು, ಸಂತೆ ಪಟ್ಟಿ ಮಾತ್ರ ಮರೆಯುತ್ತಲೇ ಇದ್ದರು. ಆ ದುಡ್ಡು ಹೋಯಿತು.

ಮೇಷ್ಟ್ರು ಒಂಬತ್ತನೇ ತಿಂಗಳಿಗೆ ಪೂರ್ತಿ ದಿನ ಶಾಲೆಗೆ ಹೋದರು. ಎರಡು ಪೀರಿಯಡ್, ಸ್ಟಾಫ್ ರೂಮಿನಲ್ಲಿ ಕಣ್ಣು ಮುಚ್ಚಿ ಕಾಲು ಗಂಟೆ, ಮತ್ತೆ ಎರಡು ಪೀರಿಯಡ್. ನೆನಪು, ಗಮನ ಅಳೆಯುವ ಮೊಕಾ ಪರೀಕ್ಷೆಯಲ್ಲಿ 30ಕ್ಕೆ 22 ಇದ್ದದ್ದು 27 ಆಯಿತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ 17ರಿಂದ 6ಕ್ಕೆ ಇಳಿಯಿತು. ಸಾಯುವ ಮಾತು ಆಡಿದವರನ್ನು ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ. ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಹೀಗೆ ಇಲ್ಲಿವರೆಗೆ ಹತ್ತಿರ ಹತ್ತಿರ ನಲವತ್ತು ಜನರನ್ನು ನೋಡಿರಬೇಕು. ಇಪ್ಪತ್ತೈದಕ್ಕೂ ಜಾಸ್ತಿ ಜನ ಮೊದಲಿನ ಕೆಲಸಕ್ಕೆ ಮರಳಿದ್ದಾರೆ. ಮಂಡ್ಯದಲ್ಲಿ ಇದನ್ನು ಮೊದಲು ಹಠ ಹಿಡಿದು ಮಾಡಿದವನು ನಾನೇ ಅಂತ ನಂಬಿದ್ದೇನೆ.

ಇನ್ನೊಂದು ವಿಷಯ. ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಪಾಕದ ಹದ ನೋಡುವವರೊಬ್ಬರು ಬಂದಿದ್ದರು. ಕೋವಿಡ್ ನಂತರ ಮೂಗಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಕೊಪ್ಪರಿಗೆ ಇಳಿಸುವ ಹೊತ್ತು ಮೂಗಿಗೆ ಗೊತ್ತಾಗಬೇಕು. ಎರಡು ಸಲ ಪಾಕ ಸೀದು ಮಾಲೀಕರಿಗೆ ನಷ್ಟವಾದ ಮೇಲೆ ಇವರು ಊಟ ಬಿಟ್ಟು ಮೂಲೆ ಹಿಡಿದಿದ್ದರು. ಡ್ರೆಸ್ಡನ್‌ನ ವಾಸನೆ ಸಂಶೋಧಕ ಥಾಮಸ್ ಹುಮ್ಮೆಲ್ 2009ರಲ್ಲಿ ಹೇಳಿದ ವಾಸನೆ ತರಬೇತಿ ಶುರು ಮಾಡಿದೆ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಇವನ್ನು ದಿನಕ್ಕೆರಡು ಸಲ ಮೂಸುವುದು, ಹನ್ನೆರಡು ವಾರ. ತರಿಸಿದ ಕಿಟ್‌ಗೆ ನಾಲ್ಕು ಸಾವಿರದಷ್ಟಾಗಿತ್ತು. ಆಮೇಲೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎಣ್ಣೆ, ಅತ್ತರು ಕೊಂಡು ಇನ್ನೂರೈವತ್ತರಲ್ಲಿ ಮುಗಿಸಿದೆ. ಐದನೇ ಡಬ್ಬಿ ನನ್ನದೇ ಸೇರ್ಪಡೆ, ಬಿಸಿ ಬೆಲ್ಲ. ಅದನ್ನು ಯಾವ ಹದದಲ್ಲಿ, ಯಾವುದರ ಜೊತೆ ಕೊಡಬೇಕೆಂಬುದು ನನ್ನ ಹತ್ತಿರ ಇರಲಿ.

ಮೂರನೇ ತಿಂಗಳಿಗೆ ಬೆಲ್ಲ ಅವರಿಗೆ ಸುಟ್ಟ ಟೈರಿನ ವಾಸನೆ ಹೊಡೆಯಿತು. ಅತ್ತುಬಿಟ್ಟರು. ಮೂಗು ಮತ್ತೆ ಕೆಲಸ ಶುರು ಮಾಡುವಾಗ ಹೀಗಾಗುವುದುಂಟು, ಬಿಡಬೇಡಿ ಅಂದೆ. ಎರಡು ಸೀಸನ್ ಕಳೆದಿದೆ. ಟೈರಿನ ವಾಸನೆ ಹೋಗಿದೆ, ಊಟ ಸೇರುತ್ತಿದೆ, ಕೊಪ್ಪರಿಗೆ ಮುಂದೆ ನಿಲ್ಲುತ್ತಿದ್ದಾರೆ. ಆದರೂ ಪಕ್ಕದಲ್ಲಿ ಮಗನನ್ನು ನಿಲ್ಲಿಸಿಕೊಳ್ಳುತ್ತಾರೆ. ಅವನೂ ಹೂಂ ಅಂದ ಮೇಲೇ ಇಳಿಸುವುದು.