ಚಿನ್ನದ ಒಂದೇ ಪರಮಾಣುವಿನ ನಾಯ್ಸ್: ಕಾರವಾರದ ಉಪ್ಪುಗಾಳಿಯಲ್ಲಿ ಅಳೆದದ್ದು

ಚಿನ್ನದ ತಂತಿಯನ್ನು ಹಿಗ್ಗಿಸುತ್ತ ಹೋದರೆ ಕಡೆಗೆ ಒಂದೇ ಪರಮಾಣು ಉಳಿಯುತ್ತದೆ. ಆಗ ವಾಹಕತೆ 77.5 ಮೈಕ್ರೋಸೀಮೆನ್ಸ್, ರೋಧ 12.9 ಕಿಲೋಓಮ್. ತಂತಿ ತೆಳುವಾದಂತೆ ವಾಹಕತೆ ಸುಮಾರು ಇಷ್ಟಿಷ್ಟೇ ಇಳಿಯುವ ಈ ಮೆಟ್ಟಿಲು ಕೋಣೆಯ ಉಷ್ಣಾಂಶದಲ್ಲೇ ಆಸಿಲೋಸ್ಕೋಪಿನಲ್ಲಿ ಕಾಣುತ್ತದೆ. ಕಷ್ಟವಿರುವುದು ಅದರ ನಾಯ್ಸ್, ಅಂದರೆ ಕರೆಂಟಿನ ಸಣ್ಣ ಅಡ್ಡಾದಿಡ್ಡಿ ಏರಿಳಿತ, ಎಲ್ಲಿಂದ ಬಂತೆಂದು ಹೇಳುವುದರಲ್ಲಿ.

ತಂತಿ 0.1 ಮಿ.ಮೀ. ದಪ್ಪ, 24 ಕ್ಯಾರೆಟ್. ಅಕ್ಕಸಾಲಿಗರ 22 ಕ್ಯಾರೆಟ್ ತಂತಿ ಬೇಡವೇ ಬೇಡ. ಅದರಲ್ಲಿ ನೂರಕ್ಕೆ ಎಂಟು ಪಾಲು ತಾಮ್ರ, ಬೆಳ್ಳಿ; ಅವು ಎಲೆಕ್ಟ್ರಾನುಗಳನ್ನು ಚದುರಿಸುತ್ತವೆ. ತಂತಿ ಎಳೆದ ಅಚ್ಚಿನ ಮೇಣವನ್ನು ಅಸಿಟೋನ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದೆ. 0.5 ಮಿ.ಮೀ. ಫಾಸ್ಫರ್ ಬ್ರಾಂಜ್ ಪಟ್ಟಿಗೆ ಕರೆಂಟು ದಾಟದ ಕ್ಯಾಪ್ಟಾನ್ ಟೇಪ್ ಅಂಟಿಸಿ, ಮೇಲೆ 0.3 ಮಿ.ಮೀ. ಅಂತರದ ಎರಡು ಎಪಾಕ್ಸಿ ಹನಿಗಳಿಂದ ತಂತಿಯನ್ನು ಹಿಡಿಸಿ, ನಡುವೆ ಬ್ಲೇಡಿನಿಂದ ಕಚ್ಚು ಹಾಕಿದೆ. ಪಟ್ಟಿಯ ಎರಡು ತುದಿಗಳನ್ನು ಆಸರೆಗಳು ಹಿಡಿದಿರುತ್ತವೆ; ನಡುವೆ ಕೆಳಗಿನಿಂದ ಸ್ಕ್ರೂ ಒತ್ತಿದಾಗ ಪಟ್ಟಿ ಬಾಗಿ ತಂತಿ ಹಿಗ್ಗುತ್ತದೆ. ಆಸರೆಗಳ ಅಂತರ 20 ಮಿ.ಮೀ. ಇರುವಾಗ ಎಂ3 ಸ್ಕ್ರೂ ಒಂದು ಡಿಗ್ರಿ ತಿರುಗಿದರೆ ಕಚ್ಚು ಸುಮಾರು 3 ನ್ಯಾನೋಮೀಟರ್ ತೆರೆಯುತ್ತದೆ, ಅಂದರೆ ಹತ್ತು ಪರಮಾಣುಗಳಷ್ಟು! ಕೈಯಲ್ಲಿ ಆಗದು, 1:100 ಗೇರ್ ಹಾಕಲೇಬೇಕು. ಫ್ಯಾನ್ ನಿಲ್ಲಿಸಿ.

ಬ್ಯಾಟರಿಯಿಂದ 50 ಮಿಲಿವೋಲ್ಟ್, ಕರೆಂಟನ್ನು ವೋಲ್ಟೇಜಾಗಿ ಹಿಗ್ಗಿಸಲು ಒಪಿಎ134 ಆಂಪ್ಲಿಫೈಯರ್ ಚಿಪ್, ಫೀಡ್‌ಬ್ಯಾಕಿಗೆ 100 ಕಿಲೋಓಮ್ ಜೊತೆ 10 ಪಿಕೋಫ್ಯಾರಡ್. ಎಲ್ಲವೂ ಬಿಸ್ಕತ್ತಿನ ತಗಡು ಡಬ್ಬಿಯೊಳಗೆ. ಟಿಎಲ್072 ಎಂಬ ಚಿಪ್ ಅಗ್ಗವೇನೋ ಹೌದು, ಆದರೆ ಅದರ ಸ್ವಂತ ನಾಯ್ಸ್ ಪರಮಾಣುವಿನ ಉಷ್ಣ ನಾಯ್ಸನ್ನೇ (ಶಾಖದಿಂದ ಎಲೆಕ್ಟ್ರಾನುಗಳು ಅಲುಗುವುದರಿಂದ ಬರುವುದು) ಮೀರುತ್ತದೆ. ಮೊದಲು ತಂತಿಯ ಜಾಗದಲ್ಲಿ 12 ಕಿಲೋಓಮ್, 910 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಸರಣಿಯಲ್ಲಿಟ್ಟು ಅಳೆಯಿರಿ. ಅಲ್ಲಿ ಕಂಡದ್ದೆಲ್ಲ ಆಂಪ್ಲಿಫೈಯರಿನದು ಮತ್ತು ಉಷ್ಣದ್ದು.

ಬಳಿಕ ವೋಲ್ಟೇಜನ್ನು 10, 20, 50, 100 ಮಿಲಿವೋಲ್ಟ್ ಎಂದು ಏರಿಸಿ. ನಾಯ್ಸ್‌ನ ಪವರ್ ಬದಲಾಗದಿದ್ದರೆ ಉಷ್ಣದ್ದು. ಕರೆಂಟಿನಷ್ಟೇ ಪಟ್ಟು ಏರಿದರೆ ಶಾಟ್ ನಾಯ್ಸ್: ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಬರುವುದರಿಂದ ಆಗುವುದು, 1918ರಲ್ಲಿ ಭೌತವಿಜ್ಞಾನಿ ಶಾಟ್ಕಿ ವಿವರಿಸಿದ್ದು. ಕರೆಂಟಿನ ವರ್ಗದ ಲೆಕ್ಕದಲ್ಲಿ ಏರಿ, ಕಡಿಮೆ ಆವರ್ತನದಲ್ಲಿ ದಟ್ಟವಾಗಿದ್ದರೆ ಕೊಳೆಯನ್ನೇ ಅನುಮಾನಿಸಿ: ರೋಧವೇ ಅಲುಗಾಡುತ್ತಿದೆ. ಕರೆಂಟು ಎರಡೇ ಮಟ್ಟಗಳ ನಡುವೆ ಜಿಗಿಯುತ್ತಿದ್ದರೆ ಒಂದೇ ಪರಮಾಣುವೋ ಅಂಟಿದ ಅಣುವೋ ಜಾಗ ಬದಲಿಸುತ್ತಿರುತ್ತದೆ. ಅಂಥವು ನೂರಾರು ಬೇರೆ ಬೇರೆ ವೇಗದಲ್ಲಿ ಸೇರಿದರೆ ಆವರ್ತನ ಏರಿದಂತೆ ಪವರ್ ಇಳಿಯುವ 1/ಎಫ್ ಆಕಾರ ಬರುತ್ತದೆ. ಒಂಟಿ ಪರಮಾಣು ಬಹಳ ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಮೂರರಿಂದ ಐದು ಮೆಟ್ಟಿಲಿನಷ್ಟು ದಪ್ಪವಿದ್ದಾಗ ದಾಖಲಿಸುವುದೇ ವಾಸಿ.

ಕರಾವಳಿಯಲ್ಲಿ ಇನ್ನೊಂದು ಪರೀಕ್ಷೆ ಬಿಡಬಾರದು. ತಂತಿ ತುಂಡಾದ ಮೇಲೂ ಎಲೆಕ್ಟ್ರಾನುಗಳು ಸಣ್ಣ ಸಂದನ್ನು ದಾಟುತ್ತವೆ; ಇದು ಟನೆಲಿಂಗ್. ಶುದ್ಧ ಚಿನ್ನದ ತುದಿಗಳನ್ನು 0.1 ನ್ಯಾನೋಮೀಟರ್ ದೂರ ಮಾಡಿದರೆ ಕರೆಂಟು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಬೇಕು. ನಿಧಾನ ಇಳಿದರೆ ಮೇಲ್ಮೈಯಲ್ಲಿ ಏನೋ ಕೂತಿದೆ. ಪೂರ್ತಿ ತೆರೆದ ಮೇಲೂ ಕರೆಂಟು ಹರಿಯುತ್ತಿದ್ದರೆ ಎಪಾಕ್ಸಿಯ ಮೇಲಿನ ಉಪ್ಪು ತೇವ ಹೀರಿದೆ. ಮಳೆಗಾಲದಲ್ಲಿ ಇದು ಸಾಮಾನ್ಯ. ಐಸೋಪ್ರೊಪೈಲ್‌ನಿಂದ ಒರೆಸಿ, ಡಬ್ಬಿಯೊಳಗೆ ತೇವ ಹೀರುವ, ಹುರಿದ ಸಿಲಿಕಾ ಜೆಲ್ ಇಟ್ಟು ರಾತ್ರಿಯಿಡೀ ಬಿಡಿ. ಆಮೇಲೆ ತಂತಿಯನ್ನು ಗಟ್ಟಿಯಾಗಿ ಕೂಡಿಸಿ ಮತ್ತೆ ಎಳೆದು ತುಂಡು ಮಾಡಿ. ಒಳಗಿನ ಹೊಸ ಚಿನ್ನ ಹೊರಬರುತ್ತದೆ.